ಟ್ರಂಕಿನೊಳಗಿನ ವಾಚಿಗೆ ಕೀ ಕೊಡುವವರಾರು?

ಮಧುಗಿರಿ: ಅಟ್ಟದ ಮೇಲೊಂದು ಟ್ರಂಕು. ಅದರೊಳಗೆ ಹಳೇ ಪಂಚೆ, ಗೆದ್ದಲು ಹಿಡಿದ ಕ್ರಯಪತ್ರ, ಹಳದಿ ಬಣ್ಣಕ್ಕೆ ತಿರುಗಿದ ಲಗ್ನಪತ್ರಿಕೆ. ಎಲ್ಲದರ ತಳದಲ್ಲಿ ಕರ್ಚೀಫಿನಲ್ಲಿ ಸುತ್ತಿಟ್ಟ ಒಂದು ಎಚ್.ಎಂ.ಟಿ. ವಾಚು!

“ಇದು ಓಡಲ್ಲ ಅಜ್ಜಿ, ಗುಜರಿಗೆ ಹಾಕ್ಲಾ?” ಎನ್ನುತ್ತಾನೆ ಮೊಮ್ಮಗ.

“ಅಯ್ಯೋ ಬ್ಯಾಡ ಕಣಪ್ಪ, ನಿಮ್ ತಾತನ ಮದುವೆ ವಾಚು ಅದು. ಇಟ್ಟಿರು” ಎನ್ನುತ್ತಾಳೆ ಅಜ್ಜಿ.

ವಾಚು ಮತ್ತೆ ಟ್ರಂಕಿಗೆ ಹೋಗುತ್ತದೆ. ಅಜ್ಜಿ ಇರುವವರೆಗೆ ಅದಕ್ಕೆ ಜೀವಭಯವಿಲ್ಲ. ಆಮೇಲೆ? ಆಮೇಲಿನ ಕಥೆ ಗುಜರಿಯವನ ತಕ್ಕಡಿಗೆ ಗೊತ್ತು!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ... ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಟ್ರಂಕುಗಳಿಗೆ ಬರವಿಲ್ಲ. ಮಳೆಗೆ ಬರ ಬಂದೀತು, ಕೆರೆಗೆ ಬರ ಬಂದೀತು, ಕೈಗೆ ಕಟ್ಟಿ ಬಿಟ್ಟ ಹಳೇ ವಾಚಿಗೆ ಬರ ಬಂದಿಲ್ಲ. ಬರ ಬಂದಿರುವುದು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಓಡಿಸಬಲ್ಲ ಕೈಗಳಿಗೆ. ಆ ಕೈಗಳು ಒಂದೊಂದಾಗಿ ಕಡಿಮೆಯಾಗುತ್ತಿರುವಾಗಲೇ, ಹಳೇ ವಾಚಿನ ಹುಚ್ಚು ಹತ್ತಿಸಿಕೊಂಡ ಹೊಸಬರ ಗುಂಪೊಂದು ಹುಟ್ಟಿಕೊಂಡಿರುವುದು ಈಗಿನ ಸೋಜಿಗ.

ವಾಚು ಕಟ್ಟಿದವನೇ ಗಂಡು!

ಈಗಿನ ಹುಡುಗರಿಗೆ ಹೇಳಿದರೆ ನಗು ಬಂದೀತು. 1970-80ರ ದಶಕದಲ್ಲಿ ಈ ಸೀಮೆಯಲ್ಲಿ ಮದುವೆ ಮಾತುಕತೆ ಮುರಿಯಲು ಒಂದು ವಾಚು ಸಾಕಾಗಿತ್ತು. ಗಂಡಿಗೆ ಉಂಗುರ, ಸೈಕಲ್ಲು, ರೇಡಿಯೋ, ವಾಚು. ಈ ಪಟ್ಟಿಯಲ್ಲಿ ಯಾವುದನ್ನು ಬಿಟ್ಟರೂ ವಾಚನ್ನು ಬಿಡುವಂತಿರಲಿಲ್ಲ. “ವಾಚು ಇಲ್ದೆ ಹಸೆಗೆ ಕೂರಲ್ಲ” ಎಂದು ಮುನಿಸಿಕೊಂಡ ಅಳಿಯಂದಿರ ಕಥೆ ಯಾವ ಊರಿನಲ್ಲಿಲ್ಲ? ಸಾಲ ಮಾಡಿ ವಾಚು ತಂದ ಮಾವಂದಿರ ಕಥೆಯೂ ಅಷ್ಟೇ ಉಂಟು. ವರದಕ್ಷಿಣೆಯ ಕಹಿ ಆ ಮುಳ್ಳುಗಳಿಗೂ ಅಂಟಿತ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ಮುಖವೂ ಇತ್ತು. ಎಸ್‌.ಎಸ್‌.ಎಲ್‌.ಸಿ. ಪಾಸಾದ ಮಗನಿಗೆ ಅಪ್ಪ ಕೊಡಿಸುತ್ತಿದ್ದುದು ವಾಚು. ನಿವೃತ್ತರಾದ ಮೇಷ್ಟ್ರಿಗೆ ಊರವರು ಹಾರ ಹಾಕಿ ಕೊಡುತ್ತಿದ್ದುದು ವಾಚು. ಆ ಕಾಲದಲ್ಲಿ ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ವಾಚು ಕಟ್ಟಿದವರ ಮುಂದೆ ಹತ್ತು ಜನ ನಿಲ್ಲುತ್ತಿದ್ದರು. ಬಸ್ಸು ಬರುವುದು ವಾಚು ನೋಡಿಕೊಂಡಲ್ಲ ಎಂಬುದು ಬೇರೆ ಮಾತು, ಬಿಡಿ!

ಜಾಲಹಳ್ಳಿಯಿಂದ ತುಮಕೂರಿಗೆ

ಈ ವಾಚುಗಳಿಗೂ ಈ ಜಿಲ್ಲೆಗೂ ಇರುವುದು ಬರೀ ಕೊಂಡವರ ನಂಟಲ್ಲ, ಹೆತ್ತವರ ನಂಟು.

ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನಲ್ಲಿ. ಯಂತ್ರ ಮಾಡುವ ಯಂತ್ರಗಳು ಅದರ ಕಸುಬು. ದೇಶದಲ್ಲಿ ಕೈಗಡಿಯಾರವೆಂದರೆ ಆಗ ಪರದೇಶದ ಸರಕು. ಕಳ್ಳಮಾಲಿನ ದಂಧೆಯೂ ಜೋರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ವಾಚಿಗೆ ಕೈಹಾಕಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಆಮೇಲೆ ಬಂದವು ನೋಡಿ: ಬಿಳಿ ಡಯಲ್ಲಿನ ‘ಜನತಾ’, ಕಪ್ಪು ಡಯಲ್ಲಿನ ‘ಪೈಲಟ್’, ತೆಳ್ಳಗಿನ ‘ಸೋನಾ’, ಕೀ ಕೊಡದೆಯೇ ಕೈ ಆಡಿಸಿದರೆ ಓಡುವ ‘ಕಾಂಚನ್’. ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಇದೇ ಕಂಪನಿ ಮಾಡಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹೂವಿನ ನಡುವೆ ತಿರುಗುವ ದೊಡ್ಡ ಗಡಿಯಾರವೂ ಎಚ್.ಎಂ.ಟಿ.ಯದೇ, 1983ರದು.

ಬೇಡಿಕೆ ಏರಿತು. ಬೆಂಗಳೂರು ಸಾಲದೆ ಶ್ರೀನಗರಕ್ಕೆ ಹೋಯಿತು. 1978ರಲ್ಲಿ ತುಮಕೂರಿಗೂ ವಾಚ್ ಫ್ಯಾಕ್ಟರಿ ಬಂತು. ಜೋಳ, ರಾಗಿ, ಕಡಲೆಕಾಯಿ ಬೆಳೆಯುವ ಜಿಲ್ಲೆ ವಾಚು ಬೆಳೆಯತೊಡಗಿತು! “ಎಚ್.ಎಂ.ಟಿ.ಲಿ ಕೆಲಸ” ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿರಲಿಲ್ಲ ಎಂದು ಹಿರಿಯರು ಇಂದಿಗೂ ನೆನೆಯುತ್ತಾರೆ.

ಆದರೆ ಗಾಳಿ ತಿರುಗಿತು. 1984ರಲ್ಲಿ ಟಾಟಾ ಸಮೂಹ, ತಮಿಳುನಾಡು ಸರ್ಕಾರದ ಸಂಸ್ಥೆಯೊಂದರ ಜೊತೆ ಸೇರಿ ಟೈಟಾನ್ ಕಟ್ಟಿತು. ಫ್ಯಾಕ್ಟರಿ ಗಡಿಯಾಚೆಯ ಹೊಸೂರಿನಲ್ಲಿ. ಬ್ಯಾಟರಿಯ ಕ್ವಾರ್ಟ್ಜ್ ವಾಚು, ನಾಜೂಕಾದ ಷೋರೂಮು, ಕಣ್ಣು ಕುಕ್ಕುವ ಜಾಹೀರಾತು. ಕ್ವಾರ್ಟ್ಜ್ ಎಚ್.ಎಂ.ಟಿ.ಗೆ ಗೊತ್ತಿರಲಿಲ್ಲವೆಂದಲ್ಲ, ತಾನೂ ಮಾಡಿತು. ಆದರೆ ಮನಸ್ಸೆಲ್ಲ ಕೀ ಕೊಡುವ ವಾಚಿನ ಮೇಲೇ ಇತ್ತು. ನಷ್ಟದ ಮೇಲೆ ನಷ್ಟ ಕೂತಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಫ್ಯಾಕ್ಟರಿಯ ಜಾಗ ಇಸ್ರೋ ಪಾಲಾಯಿತು. ಸೆಕೆಂಡು ಎಣಿಸುತ್ತಿದ್ದ ನೆಲ ಆಕಾಶ ಎಣಿಸಲು ಹೊರಟಿತು. ಅದು ಹೆಮ್ಮೆಯೇ ಸರಿ. ಆದರೆ ವಾಚಿನ ಬಿಡಿಭಾಗಗಳ ಬುಗ್ಗೆ ಬತ್ತಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಮ್ಮನೆ ಹುಟ್ಟಿದ್ದೇ?

ಒಳಗೇನಿದೆ ಸ್ವಾಮಿ?

“ಮೊಬೈಲ್ನಾಗೇ ಟೈಮ್ ತೋರಿಸ್ತದೆ, ಈ ಡಬ್ಬ ಯಾಕಣ್ಣ?” ಎಂದು ಕೇಳುವವರಿಗೆ ವಾಚು ಹುಚ್ಚರು ಉತ್ತರ ಕೊಡುವುದಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ತೋರಿಸುತ್ತಾರೆ, ಅಷ್ಟೆ. ನೋಡಿದವನು ಐದು ನಿಮಿಷ ಮಾತಾಡುವುದಿಲ್ಲ.

ಒಂದು ಚಿಕ್ಕ ಡಬ್ಬಿಯಲ್ಲಿ ಸುರುಳಿ ಸುತ್ತಿದ ಸ್ಟೀಲಿನ ಪಟ್ಟಿ. ಅದೇ ದೊಡ್ಡ ಸ್ಪ್ರಿಂಗು, ವಾಚಿನ ಹೊಟ್ಟೆ. ಕೀ ಕೊಟ್ಟಾಗ ಅದು ಬಿಗಿಯುತ್ತದೆ, ಬಿಚ್ಚಿಕೊಳ್ಳಲು ಚಡಪಡಿಸುತ್ತದೆ. ಒಮ್ಮೆಲೇ ಬಿಚ್ಚಿಕೊಂಡರೆ ಎಲ್ಲ ಮುಗಿಯಿತು. ಆದ್ದರಿಂದ ಹಲ್ಲಿನ ಚಕ್ರಗಳ ಸಾಲು. ಸಾಲಿನ ಕೊನೆಗೊಂದು ಕಾವಲುಗಾರ: ಕವಣೆಯಂಥ ಪುಟ್ಟ ಕವಲುಕಡ್ಡಿ. ಚಕ್ರದ ಒಂದು ಹಲ್ಲನ್ನು ಬಿಡುತ್ತದೆ, ಇನ್ನೊಂದನ್ನು ಹಿಡಿಯುತ್ತದೆ. ಬಿಡು, ಹಿಡಿ. ಬಿಡು, ಹಿಡಿ. ಆ ಸದ್ದೇ ಟಿಕ್ ಟಿಕ್! ಎಷ್ಟು ಹೊತ್ತಿಗೆ ಬಿಡಬೇಕು ಎಂದು ಅದಕ್ಕೆ ಹೇಳುವುದು ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ಸಣ್ಣ ಹೇರ್‌ಸ್ಪ್ರಿಂಗ್ ಅದನ್ನು ಅತ್ತ ಇತ್ತ ತೂಗುತ್ತದೆ, ತೊಟ್ಟಿಲು ತೂಗಿದ ಹಾಗೆ.

ಜನತಾ ವಾಚಿನಲ್ಲಿ ಈ ತೂಗಾಟ ಸೆಕೆಂಡಿಗೆ ಐದು ಬಡಿತ. ಗಂಟೆಗೆ 18,000. ದಿನಕ್ಕೆ 4,32,000. ನಿಲ್ಲದೆ ಓಡಿದರೆ ವರ್ಷಕ್ಕೆ 15 ಕೋಟಿ 76 ಲಕ್ಷ 80 ಸಾವಿರ! ಇಷ್ಟು ದುಡಿಯುವ ಯಂತ್ರ ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಬೈಯುತ್ತೇವೆ. ದಿನದಲ್ಲಿರುವುದು 86,400 ಸೆಕೆಂಡು. ಅದರಲ್ಲಿ 30 ಸೆಕೆಂಡು ತಪ್ಪಿದರೆ ಹೆಚ್ಚುಕಡಿಮೆ ಮೂರು ಸಾವಿರಕ್ಕೆ ಒಂದು, ಅಷ್ಟೆ. ಯಾವ ಆಫೀಸಿನ ಗುಮಾಸ್ತ ಇಷ್ಟು ಕರಾರುವಾಕ್ಕು?

ಪಾವಗಡ ತಾಲ್ಲೂಕು ಈಗ ಬಿಸಿಲನ್ನೇ ಕರೆಂಟು ಮಾಡಿ ಹೆಸರಾಗಿದೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು. ಆದರೆ ಹಳೇ ವಾಚಿಗೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ, ಬಿಸಿಲೂ ಬೇಡ. ಬೆಳಗ್ಗೆ ಎದ್ದು ಎರಡು ಬೆರಳು ಆಡಿಸಿದರೆ ಮಾರನೇ ದಿನದವರೆಗೆ ಚಿಂತೆಯಿಲ್ಲ!

ಹದಿನೇಳು ಕಲ್ಲಿನ ಗುಟ್ಟು

ಡಯಲ್ಲಿನ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ಓದಿ, ಒಳಗೆ ಮಾಣಿಕ್ಯ ಇದೆಯೆಂದು ಆಸೆಪಟ್ಟು ವಾಚು ಒಡೆದವರುಂಟು. ಕಲ್ಲು ಇರುವುದು ನಿಜ. ಕೆಂಪಗಿರುವುದೂ ನಿಜ. ಆದರೆ ಅದು ಕಾರ್ಖಾನೆಯಲ್ಲಿ ಮಾಡಿದ ಕೃತಕ ಮಾಣಿಕ್ಯ. ಮಾರಲು ಹೋದರೆ ಕಾಫಿ ಕುಡಿಯಲೂ ಸಾಲದು! ಚಕ್ರಗಳ ಮೊನೆ ತಿರುಗುವ ತೂತುಗಳಿಗೆ ಅವನ್ನು ಕೂರಿಸುತ್ತಾರೆ. ಲೋಹದ ಮೇಲೆ ಲೋಹ ತಿರುಗಿದರೆ ಸವೆಯುತ್ತದೆ. ನುಣ್ಣನೆ ಕಲ್ಲಿನಲ್ಲಿ ತಿರುಗಿದರೆ ಸವೆಯದು. ವಾಚು ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು ಈ ಹದಿನೇಳು ಕಲ್ಲುಗಳ ಪುಣ್ಯದಿಂದ.

ಕಲ್ಲಿಗೆ ಎಣ್ಣೆ ಬೇಕು. ಎಷ್ಟು? ಸೂಜಿಯ ಮೊನೆಗೆ ಅಂಟುವಷ್ಟು. ಜಾಸ್ತಿಯಾದರೆ ಹರಡಿ ಧೂಳು ಹಿಡಿಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಈ ಸೀಮೆಯ ಕೆಂಪು ಧೂಳು, ಬೇಸಗೆಯ ಕಾವು, ಮೈಬೆವರು ಮೂರೂ ಸೇರಿದರೆ ಎಣ್ಣೆ ಅಂಟಾಗುತ್ತದೆ. ವಾಚು ನಿಲ್ಲುತ್ತದೆ. ನಿಂತ ವಾಚೆಲ್ಲ ಕೆಟ್ಟ ವಾಚಲ್ಲ. ಹಲವಕ್ಕೆ ಆಗಬೇಕಾದ್ದು ಸ್ನಾನ, ಅಷ್ಟೆ.

ಕೊನೇ ಗಾಜಿನ ಪೆಟ್ಟಿಗೆಗಳು

ಸ್ನಾನ ಮಾಡಿಸುವವರು ಯಾರು? ಬಸ್‌ಸ್ಟ್ಯಾಂಡಿನ ಬಳಿ, ಪೇಟೆ ಬೀದಿಯ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಕೂತವರು. ಅವರ ಮುಂದೆ ಚಿಮಟ, ಸಣ್ಣ ಸಣ್ಣ ಸ್ಕ್ರೂಡ್ರೈವರು, ಪೆಟ್ರೋಲಿನ ಬಟ್ಟಲು, ಗಾಳಿ ಊದುವ ರಬ್ಬರ್ ಬುರುಡೆ. ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದು, ಒಣಗಿಸಿ, ಎಣ್ಣೆ ಮುಟ್ಟಿಸಿ, ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸುತ್ತಾರೆ. ಕೊನೆಗೆ ಬ್ಯಾಲೆನ್ಸ್ ಚಕ್ರ ಕೂರಿಸುವಾಗ ಉಸಿರು ಬಿಡುವುದಿಲ್ಲ. ಅದು ತಾನಾಗಿ ತೂಗಾಡಲು ಶುರುಮಾಡಿದಾಗ... ಎಷ್ಟು ವರ್ಷದ ಕಸುಬಿದ್ದರೂ ಮುಖದಲ್ಲೊಂದು ನಗೆ ಹಾಯುತ್ತದೆ.

ಈ ಕಸುಬಿಗೆ ಕಾಲೇಜಿರಲಿಲ್ಲ. ಅಪ್ಪನಿಂದ ಮಗ, ಮಾವನಿಂದ ಅಳಿಯ ಕಲಿತದ್ದು. ಮಗ ಈಗ ಪಕ್ಕದಲ್ಲೇ ಕೂತಿರಬಹುದು. ಆದರೆ ಮೊಬೈಲಿನ ಗ್ಲಾಸು ಹಾಕುತ್ತಿರುತ್ತಾನೆ. ತಪ್ಪೇನಿಲ್ಲ. ಅರ್ಧ ಗಂಟೆಗೆ ಒಂದು ಮೊಬೈಲು, ಅರ್ಧ ದಿನಕ್ಕೆ ಒಂದು ವಾಚು. ಹೊಟ್ಟೆಗೂ ಬೇಕಲ್ಲ!

ಹೀಗಾಗಿ ಹವ್ಯಾಸಿಗಳೇ ಚಿಮಟ ಹಿಡಿದಿದ್ದಾರೆ. ಬ್ಯಾಂಕಿನಲ್ಲಿರುವವರು, ಮೇಷ್ಟ್ರುಗಳು, ನಿವೃತ್ತರು, ಇಂಜಿನಿಯರಿಂಗ್ ಓದುವ ಹುಡುಗರು. ಭಾನುವಾರ ಬಂತೆಂದರೆ ಟೇಬಲ್ಲಿನ ಮೇಲೆ ಬಿಳಿ ಟವೆಲ್ಲು ಹಾಸಿ ಕೂತುಬಿಡುತ್ತಾರೆ. ಕಲಿಯುವಾಗ ಮೊದಲ ನಾಲ್ಕು ವಾಚು ಕೆಡುವುದು ಗ್ಯಾರಂಟಿ. ಚಿಮ್ಮಿ ಹೋದ ಸ್ಕ್ರೂ ಹುಡುಕಲು ಮನೆಮಂದಿಯೆಲ್ಲ ನೆಲದ ಮೇಲೆ! “ಕಡಲೆಕಾಳಷ್ಟಿದ್ರೆ ಹುಡುಕಬಹುದು, ಎಳ್ಳಿಗಿಂತ ಸಣ್ಣದಕ್ಕೆ ಪೊರಕೆ ಮುಟ್ಟಬ್ಯಾಡ ಅಂದ್ರೆ ಮನೆ ಗುಡಿಸೋದು ಯಾವಾಗ?” ಎಂಬುದು ಮನೆಯಾಕೆಯ ನ್ಯಾಯವಾದ ತಕರಾರು.

ಡ್ರಾಯರಿನಲ್ಲಿ ಕಾದಿರುವವು

ಹಳೇ ರಿಪೇರಿ ಅಂಗಡಿ ಎಂದ ಮೇಲೆ ಒಂದು ಡ್ರಾಯರ್ ಇದ್ದೇ ಇರುತ್ತದೆ. ರಿಪೇರಿಗೆ ಕೊಟ್ಟವರು ಮತ್ತೆ ಬಾರದ ವಾಚುಗಳು ಅದರಲ್ಲಿ. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ: ಹೆಸರು, ಊರು, ತಾರೀಖು. ಕೆಲವರು ದುಡ್ಡು ಹೊಂದಿಸಲಾರದೆ ಬರಲಿಲ್ಲ. ಕೆಲವರು ಬೆಂಗಳೂರು ಸೇರಿದರು. ಕೆಲವರು ಇನ್ನೆಂದೂ ಬರಲಾರರು.

ಈ ಡ್ರಾಯರಿನಲ್ಲೇ ರಿಪೇರಿಯವನ ಧರ್ಮಸಂಕಟವೂ ಇದೆ. ಜನತಾ, ಪೈಲಟ್ ಎರಡೂ ಹೊರಗೆ ಬೇರೆ ಬೇರೆ. ಒಳಗಿನ ಮೆಷಿನ್ನು ಒಂದೇ ಜಾತಿ. ಇದರ ಚಕ್ರ ಅದಕ್ಕೆ ಕೂರುತ್ತದೆ. ಹೊಸ ಬಿಡಿಭಾಗ ಸಲೀಸಾಗಿ ಸಿಗದ ಮೇಲೆ ಉಳಿದ ದಾರಿ ಒಂದೇ: ಒಂದು ವಾಚನ್ನು ಕೊಂದು ಇನ್ನೊಂದನ್ನು ಬದುಕಿಸುವುದು. ಎದುರಿಗೆ ಗಿರಾಕಿ ಕೂತಿದ್ದಾನೆ, “ನಮ್ಮಪ್ಪಂದು ಸಾರ್, ಹೆಂಗಾದ್ರೂ ಓಡಿಸಿಕೊಡಿ” ಎಂದು. ಡ್ರಾಯರಿನಲ್ಲಿ ಇಪ್ಪತ್ತು ವರ್ಷದಿಂದ ಚೀಟಿ ಕಟ್ಟಿಕೊಂಡು ಮಲಗಿರುವುದೂ ಯಾರದೋ ಅಪ್ಪನದೇ. ಬಿಚ್ಚಬಹುದೇ? ಕೂಡದೇ? ನಾಳೆಯೇ ಅವನ ಮಗ ಬಂದು ಚೀಟಿ ತೋರಿಸಿದರೆ?

ಮುಟ್ಟದೆ ಕಾಯುವವರು ಹಲವರು. ಬಿಚ್ಚಿದವರನ್ನು ದೂರುವಂತೆಯೂ ಇಲ್ಲ. ಒಂದು ಮಾತು ಮಾತ್ರ ನಿಜ: ಹೀಗೆ ಒಂದನ್ನೊಂದು ತಿನ್ನುತ್ತಾ ಹೋದರೆ, ಉಳಿಯುವ ಲೆಕ್ಕ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಬಣ್ಣ ಬಳಿದ ಮೋಸ

ಹುಚ್ಚು ಎಲ್ಲಿದೆಯೋ ಅಲ್ಲಿ ವ್ಯಾಪಾರ ತಪ್ಪಿದ್ದಲ್ಲ. 2016ರ ಸುದ್ದಿ ಬಂದಿದ್ದೇ ತಡ, ಎಚ್.ಎಂ.ಟಿ.ಗೆ ಬೇಡಿಕೆ ಎದ್ದಿತು. ಜೊತೆಗೆ ಮೋಸವೂ ಎದ್ದಿತು. ಮುರುಕು ವಾಚುಗಳ ಡಯಲ್ಲಿಗೆ ಹಸಿರು, ಕೇಸರಿ, ನೇರಳೆ ಬಣ್ಣ ಬಳಿದು, ಯಾವುದೋ ಮುಳ್ಳು, ಯಾವುದೋ ಕೇಸು ಸೇರಿಸಿ ‘ಅಪರೂಪದ ಮಾಲು’ ಎಂದು ಮಾರುವ ದಂಧೆ ಮುಂಬಯಿಯ ಗಲ್ಲಿಗಳಿಂದ ಹಿಡಿದು ಫೋನಿನ ಅಂಗಡಿಗಳವರೆಗೆ ಹಬ್ಬಿದೆ. ಬಲ್ಲವರು ಹೇಳುವ ಗುರುತುಗಳು ಇವು: ಅಕ್ಷರ ದಪ್ಪವಾಗಿದ್ದರೆ, ಗೆರೆ ಸೊಟ್ಟಗಿದ್ದರೆ, ಐವತ್ತು ವರ್ಷದ ವಾಚಿನ ಡಯಲ್ಲು ಮದುವಣಗಿತ್ತಿಯಂತೆ ಮಿನುಗುತ್ತಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಮುಚ್ಚಳ ಬಿಚ್ಚಿ ತೋರಿಸಲೊಲ್ಲದವನ ಹತ್ತಿರ ವ್ಯವಹಾರವೇ ಬೇಡ.

ತಾತನ ವಾಚು ಮನೆಯಲ್ಲಿದ್ದವರಿಗೂ ಇದೇ ಮಾತು. ಡಯಲ್ಲು ಮಾಸಿದೆ ಎಂದು ಹೊಸ ಬಣ್ಣ ಬಳಿಸಬೇಡಿ. ಮಾಸಿದ್ದೇ ಅದರ ಮಾನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು!

ಬಲ್ಲವರ ಇನ್ನಷ್ಟು ಬುದ್ಧಿಮಾತು ಇಲ್ಲಿದೆ. ವರ್ಷಗಟ್ಟಲೆ ಮಲಗಿದ ವಾಚಿಗೆ ಕೂಡಲೇ ಕೀ ಕೊಟ್ಟು ಓಡಿಸಬೇಡಿ. ಒಣಗಿದ ಎಣ್ಣೆಯಲ್ಲಿ ಓಡಿದರೆ ಮೊನೆ ಸವೆಯುತ್ತದೆ. ಮೊದಲು ಸರ್ವಿಸ್ ಮಾಡಿಸಿ. ಕೀಯನ್ನು ದಿನಾ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕಡ್ಡಿ ಓರೆಯಾಗುತ್ತದೆ. ‘ಕೀ ಜಾಸ್ತಿಯಾಗಿ ನಿಂತುಹೋಯ್ತು’ ಎಂಬುದು ಬಹುಪಾಲು ಸುಳ್ಳು ಆಪಾದನೆ, ನಿಲ್ಲಿಸಿದ್ದು ಕೊಳೆ. ಚೆನ್ನಾಗಿ ಓಡುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮುಂದೆ ಓಡಿದರೆ ಆಯಸ್ಕಾಂತದ ಕಾಟ ಇರಬಹುದು. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿರುತ್ತವೆ. ಸ್ಪೀಕರು, ಮೊಬೈಲಿನ ಪಕ್ಕ ವಾಚು ಇಡುವ ಚಾಳಿ ಬಿಡಿ. ಮಳೆ, ಸ್ನಾನ, ಕೆರೆ ಈಜಿಗಂತೂ ಅದನ್ನು ಕಟ್ಟಿಕೊಂಡು ಹೋಗಲೇಬೇಡಿ.

ಹಿತ್ತಲ ಗಿಡ ಮದ್ದಲ್ಲವೇ?

ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್.ಎಂ.ಟಿ. ಹೆರಿಟೇಜ್ ಸೆಂಟರ್ ತೆರೆದಿದೆ. ವಾಚಿನ ಕಥೆಯನ್ನು ಹಂತಹಂತವಾಗಿ ಅಲ್ಲಿ ನೋಡಬಹುದು. ಎಚ್.ಎಂ.ಟಿ. ಹೆಸರಿನ ವಾಚುಗಳು ಸ್ವಲ್ಪ ಮಟ್ಟಿಗೆ ಈಗಲೂ ಮಾರಾಟಕ್ಕೆ ಸಿಗುತ್ತವೆ. ಒಳ್ಳೆಯದೇ. ಆದರೆ ವಾಚು ಹೆತ್ತ ಜಿಲ್ಲೆಯ ಮಕ್ಕಳು ಅದನ್ನು ನೋಡಲು ಬೆಂಗಳೂರಿನ ಬಸ್ಸು ಹತ್ತಬೇಕೇ ಎಂಬುದು ಹವ್ಯಾಸಿಗಳ ಪ್ರಶ್ನೆ.

ಅವರು ಕೇಳುತ್ತಿರುವುದು ಕೋಟಿ ರೂಪಾಯಿಯ ಕಟ್ಟಡವನ್ನಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳ ಸಾರ್ವಜನಿಕ ಲೈಬ್ರರಿಯಲ್ಲಿ ಒಂದೊಂದು ಗಾಜಿನ ಕಪಾಟು. ಅದರಲ್ಲಿ ಆ ತಾಲ್ಲೂಕಿನ ಮನೆಗಳವರೇ ಕೊಟ್ಟ ಹತ್ತು ವಾಚು, ಯಾರ ಕೈಯಲ್ಲಿ ಎಷ್ಟು ವರ್ಷ ಓಡಿತು ಎಂಬ ಒಂದು ಚೀಟಿ. ಫ್ಯಾಕ್ಟರಿಯಲ್ಲಿ ದುಡಿದವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ; ಅವರ ಕೈಯಲ್ಲಿ ವಿದ್ಯೆ ಇದೆ. ವಾರಕ್ಕೊಂದು ದಿನ ಐ.ಟಿ.ಐ.ಯ ಒಂದು ಕೊಠಡಿಯಲ್ಲಿ ಅವರಿಂದ ಹುಡುಗರಿಗೆ ಕಲಿಸಿದರೆ ಸಾಕು. ಸಣ್ಣ ಯಂತ್ರದ ಮೇಲೆ ಪಳಗಿದ ಬೆರಳು ಯಾವ ಯಂತ್ರಕ್ಕೂ ಹೆದರುವುದಿಲ್ಲ. ನಾಳೆ ಅದೇ ಹುಡುಗ ಇಸ್ರೋ ಗೇಟಿನೊಳಗೂ ಕಾಲಿಟ್ಟಾನು!

ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಅವಸರವಿಲ್ಲ. ಅದು ಯಾರ ವಾಚನ್ನೂ ನೋಡುವುದಿಲ್ಲ. ಮನುಷ್ಯರ ಕೈಯ ವಿದ್ಯೆ ಹಾಗಲ್ಲ. ಕಲಿತವರು ಇರುವಾಗಲೇ ಕಲಿಯಬೇಕು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಗೊತ್ತಿಲ್ಲ. ಅಷ್ಟರೊಳಗೆ ಓದುಗರು ಒಂದು ಕೆಲಸ ಮಾಡಬಹುದು. ಇವತ್ತು ಸಂಜೆ ಮನೆಗೆ ಹೋಗಿ ಅಟ್ಟದ ಟ್ರಂಕು ಇಳಿಸಿ. ಕರ್ಚೀಫು ಬಿಚ್ಚಿ. ಆ ವಾಚು ಯಾರದೆಂದು ಅಜ್ಜಿಯನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ಕೀ ನಾಳೆ ಕೊಟ್ಟರೂ ನಡೆದೀತು. ಹೇಳುವ ಅಜ್ಜಿ ನಾಳೆಯೂ ಇರುತ್ತಾಳೆಂದು ಯಾವ ಗಡಿಯಾರ ಗ್ಯಾರಂಟಿ ಕೊಟ್ಟಿದೆ?